ಒಳಗೊಂದು ಕಾಯಿ, ಹೊರಗೊಬ್ಬ ಮಗ

ಕಡೋಲಾ ದಡದಲ್ಲಿ ಅಬುಯಾಳ ನಾಲಗೆಗೆ ಹೆದರದ ಪ್ರಾಣಿ ಇರಲಿಲ್ಲ. ಅವಳು ಒಂದು ಸಲ ಬೈದರೆ ಲೋಲ್ವೆ ಸರೋವರದ ಮೀನು ತಾನಾಗಿ ದಡಕ್ಕೆ ಬಂದು, ಬಿಸಿಲಿಗೆ ಮೈಚಾಚಿ ಒಣಗುತ್ತಿತ್ತಂತೆ. ಬಲೆ ಯಾಕೆ, ದೋಣಿ ಯಾಕೆ, ಅಬುಯಾಳನ್ನು ನೀರಿನ ಪಕ್ಕ ನಿಲ್ಲಿಸಿದರೆ ಸಾಕು ಎಂದು ಬೆಸ್ತರು ಆಡಿಕೊಳ್ಳುತ್ತಿದ್ದರು. ಅವಳ ಗಂಡ ಸತ್ತು ಹದಿನೆಂಟು ವರ್ಷವಾಗಿತ್ತು. ಅವನು ಕಾಯಿಲೆಯಿಂದ ಸತ್ತದ್ದಲ್ಲ, ಸ್ವಲ್ಪ ಹೊತ್ತು ಸದ್ದಿಲ್ಲದೆ ಮಲಗೋಣವೆಂದು ಹೋದವನು ಅಲ್ಲೇ ಸುಖವಾಗಿದೆಯೆಂದು ಉಳಿದುಬಿಟ್ಟ ಎನ್ನುತ್ತಿದ್ದರು. ಈ ಮಾತು ಕೇಳಿ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅಬುಯಾಳೇ.

ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಓಯೋ. ಸಂತೆಗೆ ಹೋಗುತ್ತಿದ್ದಾಗ ನಡುದಾರಿಯಲ್ಲಿ ನೋವು ಬಂದು, ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ಹೆತ್ತ ಮಗ. ದಾರಿಯಲ್ಲಿ ಹುಟ್ಟಿದವರಿಗೆ ಅವರಲ್ಲಿ ಆ ಹೆಸರೇ ಇಡುವುದು. ಕಿರಿಯವನು ಒಡೇರಾ, ಚಾಪೆಯ ಮೇಲೆ ಹುಟ್ಟಿದವನು, ಚಾಪೆ ಬಿಟ್ಟು ಏಳಲು ಇವತ್ತಿಗೂ ಸೋಮಾರಿ. ಓಯೋ ಹನ್ನೆರಡು ವರ್ಷದಿಂದ ಬಾಡಿಗೆ ಬೈಕು ಓಡಿಸುತ್ತಿದ್ದ. ದಡದಿಂದ ಸಂತೆಗೆ ಮೀನು, ಸಂತೆಯಿಂದ ದಡಕ್ಕೆ ಜನ. ಹಿಂದೆ ಮೂರು ಹೆಂಗಸರು, ಮುಂದೆ ಒಂದು ಮೇಕೆ, ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಹೆಲ್ಮೆಟ್ಟಿನ ಹಿಂದೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಅಬುಯಾಳ ಮಗ, ಕಡೋಲಾ.

ಒಂದು ದಿನ ಬಿಳಿಯನೊಬ್ಬ ಎಮ್ಮೆಯಷ್ಟು ದಪ್ಪದ ಬೈಕಿನಲ್ಲಿ ಬಂದ. ಅದಕ್ಕೆ ಮೂರು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುಡಾರ, ಗುಡಾರದ ಮೇಲೆ ಒಲೆ. ಜೊತೆಗೊಂದು ಹಸು ಕಟ್ಟಿದ್ದರೆ ಸಂಸಾರವೇ ಆಗುತ್ತಿತ್ತು. ಕೈರೋದಿಂದ ಹೊರಟು ಆಫ್ರಿಕದ ತೆಂಕಣ ತುದಿಯವರೆಗೆ ಒಬ್ಬನೇ ಹೋಗುತ್ತಿದ್ದನಂತೆ. ಕಡೋಲಾದಲ್ಲಿ ಅವನ ಚೈನು ತುಂಡಾಯಿತು. ಓಯೋ ಮೂರು ದಿನ ಕೂತು, ಹಳೆಯ ಚೈನುಗಳ ಕೊಂಡಿ ಬಿಚ್ಚಿ ಜೋಡಿಸಿ ಅದನ್ನು ಸರಿಮಾಡಿಕೊಟ್ಟ. ಬಿಳಿಯ ಧೂಳೆಬ್ಬಿಸಿಕೊಂಡು ಹೋದ. ಓಯೋ ಮಾತ್ರ ಬಾಡಿಗೆಗೂ ಹೋಗದೆ ದಡದಲ್ಲಿ ಕೂತು, ಸೂರ್ಯ ಸರೋವರದೊಳಗೆ ಇಳಿಯುವುದನ್ನೇ ನೋಡತೊಡಗಿದ.

ಮೀನು ಹರಡುತ್ತಿದ್ದ ಅಬುಯಾಳಿಗೆ ಇದು ಸಿಕ್ಕಿದ್ದೇ ಸಾಕಾಯಿತು.

"ಏನ್ಲಾ, ಆ ಬಿಳಿಯ ಹೋಗುವಾಗ ನಿನ್ನ ಜೀವಾನೂ ಪೆಟ್ಟಿಗೇಲಿ ಹಾಕ್ಕೊಂಡು ಹೋದ್ನಾ?"

"ಅವ್ವಾ, ಅವ್ನು ಒಬ್ನೇ ಕಣವ್ವ. ಇಷ್ಟು ಭೂಮೀನ ಒಬ್ನೇ ದಾಟ್ತಾ ಅವ್ನೆ."

"ನೀನೂ ಒಬ್ನೇ ಓಡಾಡ್ತೀಯಲ್ಲ! ಹನ್ನೆರಡು ವರ್ಷ ಓಡಿಸಿದ ದಾರೀನ ನೆಟ್ಟಗೆ ಹಾಸಿದ್ರೆ ಭೂಮಿ ಮುಗುದು ಇನ್ನೂ ನಾಕು ಮೊಳ ಮಿಗ್ತಿತ್ತು. ಅಷ್ಟು ಓಡಿ ಏನ್ಲಾ ಕಂಡೆ? ಮೀನಿನ ಬಾಲ!"

ದಡದ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬಳಂತೂ ನಕ್ಕ ರಭಸಕ್ಕೆ ಒಂದು ಬುಟ್ಟಿ ಮೀನು ಮರಳಿಗೆ ಚೆಲ್ಲಿದಳು. ಓಯೋ ನಗಲಿಲ್ಲ. ನಾಲ್ಕನೆಯ ದಿನ ಬಂದು, ಸೂರ್ಯ ಇಳಿಯುವ ದಿಕ್ಕಿಗೆ ಹೋಗುತ್ತೇನೆ, ಭೂಮಿ ಮುಗಿದು ಉಪ್ಪುನೀರು ಸಿಗುವ ತನಕ ಹೋಗುತ್ತೇನೆ ಎಂದ. ಹೆಂಡತಿ ಅಕುಮು ಅವನ ಅಂಗಿಗಳನ್ನು ಮಡಿಸಿಟ್ಟಳು. ಅವರ ಹೊಸ ಮನೆಗೆ ಗೋಡೆ ಎದ್ದಿತ್ತು, ಸೂರು ಹೊದಿಸಿರಲಿಲ್ಲ. ಬಂದು ಹೊದಿಸುತ್ತೇನೆ ಎಂದು ಅವಳಿಗೆ ಹೇಳಿದ.

ಹೊರಡುವ ಬೆಳಿಗ್ಗೆ ಊರೇ ಬೇಲಿಯ ಬಾಗಿಲಲ್ಲಿ ಸೇರಿತ್ತು. ಅಷ್ಟು ಜನ ಕೂಡಿರುವಾಗ ಅಬುಯಾ ಬಾಯಿ ಮುಚ್ಚಿಕೊಂಡಿರುವುದುಂಟೆ?

"ನೋಡ್ಲಾ, ಸಮುದ್ರದ ಉಪ್ಪು ನಾಲ್ಗೆಗೆ ತಾಕೋ ತನಕ ನಿನ್ನ ಸುದ್ದಿ ನನ್ನ ಕಿವಿಗೆ ಬೀಳಕೂಡದು. ಅರ್ಧ ದಾರೀಲಿ ಕೂತ್ಕೊಂಡು ಅವ್ವಾ ಅವ್ವಾ ಅಂತ ಫೋನಲ್ಲಿ ಅತ್ತೆ ಅಂದ್ರೆ, ನನ್ನ ಕಿವಿ ಕಿತ್ತು ಕಾಗೆಗೆ ಹಾಕ್ಬುಡ್ತೀನಿ."

"ಆಯ್ತವ್ವ," ಎಂದ ಓಯೋ. ಎಲ್ಲರೂ ನಕ್ಕರು. ಅವನು ಹೆಲ್ಮೆಟ್ಟು ಹಾಕಿಕೊಂಡು ಹೋದ.

ಮೊದಲ ತಿಂಗಳು ಒಡೇರಾನ ಫೋನಿಗೆ ಮೂರು ಸಲ ಕರೆ ಬಂತು. ಉಗಾಂಡ ದಾಟಿದೆ, ಕಾಂಗೋದೊಳಗೆ ಬಂದೆ, ಇಲ್ಲಿ ದಾರಿಯೆಂದರೆ ಕೆಸರು, ಕೆಸರೆಂದರೆ ಕುತ್ತಿಗೆವರೆಗೆ. ಅಕುಮುವಿನ ಹತ್ತಿರ ಮಾತಾಡಿದ. ಅವ್ವನಿಗೆ ಮಾತ್ರ ಕೊಡಬೇಡ, ಉಪ್ಪು ಇನ್ನೂ ಸಿಕ್ಕಿಲ್ಲ ಎಂದ. ಅಬುಯಾ ಇದನ್ನು ದಡದ ತುಂಬ ಹೇಳಿಕೊಂಡು ಮೆರೆದಳು. ಆಮೇಲೆ ಫೋನು ಬರಲೇ ಇಲ್ಲ. ಒಂದು ತಿಂಗಳು, ಎರಡು, ಆರು. ದಡದ ಹೆಂಗಸರು ಅವಳ ಮುಂದೆ ಓಯೋನ ಹೆಸರೆತ್ತುವುದನ್ನು ಬಿಟ್ಟರು. ಅಬುಯಾ ಮೀನಿಗೂ ಬೈಯುವುದನ್ನು ಕಡಿಮೆ ಮಾಡಿದಳು.

ಹನ್ನೊಂದನೆಯ ತಿಂಗಳು ಮೀನಿನ ಲಾರಿಯವನೊಬ್ಬ ಹೆಲ್ಮೆಟ್ಟು ತಂದ. ಹಳದಿ ಬಣ್ಣ ಕಿತ್ತುಹೋಗಿ ಒಳಗೆಲ್ಲ ಕೆಸರು ಮೆತ್ತಿತ್ತು. ಹಿಂದಿನ ಅಕ್ಷರ ಮಾತ್ರ ಹಾಗೇ ಇದ್ದವು. ಕಾಂಗೋದ ಒಂದು ಹೊಳೆಯಲ್ಲಿ ಬೈಕು ಸಾಗಿಸುತ್ತಿದ್ದ ಮರದ ದೋಣಿ ಮಗುಚಿತಂತೆ, ಬೈಕು ತಳ ಕಂಡಿತಂತೆ, ಓಡಿಸುವವನೂ ಅದರ ಜೊತೆಗೇ ಹೋದನಂತೆ. ಕೈಯಿಂದ ಕೈಗೆ, ಲಾರಿಯಿಂದ ಲಾರಿಗೆ ಹೆಲ್ಮೆಟ್ಟು ತನ್ನ ಮೇಲೆ ಬರೆದ ಊರನ್ನು ಹುಡುಕಿಕೊಂಡು ಬಂದಿತ್ತು.

ಓಯೋನ ದೊಡ್ಡಪ್ಪ ನ್ಯಾಂಡಿಗಾ ಅವತ್ತೇ ಕೋಲೂರಿಕೊಂಡು ಬಂದ. ಆ ಮುದುಕನಿಗೆ ನೂರು ವರ್ಷವೋ ಇನ್ನೂರೋ. ಅವನ ಮುಂದೆ ಬೆಟ್ಟಗಳೂ ಹುಡುಗರಂತೆ ಕಾಣುತ್ತಿದ್ದವು.

"ನೋಡವ್ವ ಅಬುಯಾ, ನೀರು ಹೆಣ ಕೊಡದೆ ಹೋದ್ರೆ ಏನ್ ಮಾಡ್ಬೇಕು ಅಂತ ಹಿರೀಕರು ಹೇಳವ್ರೆ. ಹೆಣದ ಬದ್ಲು ಯಾಗೋ ಮರದ ಕಾಯಿ ತರ್ಸೋಣ. ಅವ್ನ ಹೆಸ್ರಲ್ಲಿ ಮಣ್ಣು ಮಾಡೋಣ."

"ಭಾವ, ಸತ್ತಿರೋದು ಹೆಲ್ಮೆಟ್ಟು. ಬೇಕಾದ್ರೆ ಅದನ್ನ ಹೂತ್ಹಾಕಿ. ನನ್ನ ಮಗಂಗೆ ಇನ್ನೂ ಉಪ್ಪು ಸಿಕ್ಕಿಲ್ಲ, ಅದಕ್ಕೇ ಸುದ್ದಿ ಇಲ್ಲ."

ಅವಳು ಹಾಗೆಂದು ಹಟ ಹಿಡಿದು ಕೂತಳು. ಕೂತದ್ದಕ್ಕೆ ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ. ಮಗನಿಗೆ ಮಣ್ಣು ಹಾಕಿದರೆ, ಅವನನ್ನು ಕಳಿಸಿದ್ದು ಯಾರ ನಾಲಗೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತಿತ್ತು.

ಆದರೆ ಹಟದಿಂದ ಹೊಲ ಬಿತ್ತಲಾಗುವುದಿಲ್ಲ. ಅವರಲ್ಲಿ ಹಿರಿಯವನ ಮನೆಯ ಬೀಜ ಮಣ್ಣಿಗೆ ಬೀಳದೆ ಕಿರಿಯವನು ಬೀಜದ ಗಂಟು ಬಿಚ್ಚುವಂತಿಲ್ಲ. ಹಿರಿಯವನ ಮನೆಗೆ ಸೂರು ಹೊದಿಸದೆ ಕಿರಿಯವನು ಗೂಟ ನೆಡುವಂತಿಲ್ಲ. ಓಯೋ ಬದುಕಿದ್ದರೆ ಬಂದು ಬಿತ್ತಬೇಕು, ಸತ್ತಿದ್ದರೆ ಮಣ್ಣು ಪಡೆದು ದಾರಿ ಬಿಡಬೇಕು. ಎರಡೂ ಅಲ್ಲದ ಮಗ ಇಡೀ ಅಂಗಳಕ್ಕೆ ಅಡ್ಡವಾಗಿ ಮಲಗಿದಂತಾಯಿತು. ದೊಡ್ಡ ಮಳೆ ಬಂತು, ಸುರಿಯಿತು, ಹೋಯಿತು. ಊರಿನ ಹೊಲದಲ್ಲೆಲ್ಲ ಜೋಳ ಆಳೆತ್ತರ ನಿಂತಾಗ ಅಬುಯಾಳ ಹೊಲದಲ್ಲಿ ಕಳೆ ಆನೆಯೆತ್ತರ ನಿಂತಿತು.

ವರ್ಷದ ಕೊನೆಯ ಸಣ್ಣ ಮಳೆಗೆ ಮುಂಚೆ ಒಡೇರಾ ಬಂದು ತಾಯಿಯ ಕಾಲ ಬಳಿ ಕೂತ.

"ಅವ್ವಾ, ನನ್ನ ಹೆಂಡ್ತಿ ಬಸುರಿ. ಅವಳಪ್ಪ ಕೇಳ್ತಾ ಅವ್ನೆ, ಮಗೂನ ಎಲ್ಲಿ ಮಲಗಿಸ್ತೀಯ, ನಿಮ್ಮಣ್ಣನ ನೆರಳಲ್ಲಾ ಅಂತ."

"ನಿಮ್ಮಣ್ಣ ಬತ್ತಾನೆ."

"ಬರ್ಲಿ ಅವ್ವ. ನಂಗೂ ಅವ್ನು ಬೇಕು. ಆದ್ರೆ ಬರೋ ಗಂಟ ನಾನು ಹುಟ್ಟೇ ಇಲ್ಲ ಅಂತ ಇರ್ಬೇಕಾ?"

ಚಾಪೆ ಬಿಟ್ಟೇಳದ ಮಗ ಹಾಗೆ ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಅಂಗಳದ ಆ ಕಡೆ ಅಕುಮು ಒರಳಿನ ಮುಂದೆ ಒನಕೆ ಹಿಡಿದು ನಿಂತಿದ್ದಳು, ಕುಟ್ಟುತ್ತಿರಲಿಲ್ಲ. ಅಬುಯಾ ಅವಳ ಮುಖ ನೋಡಿದಳು. ಆಮೇಲೆ, "ಕಾಯಿ ಒಳ್ಳೇದು ನೋಡಿ ತನ್ನಿ. ನನ್ನ ಮಗ ಕುಳ್ಳ ಅಲ್ಲ," ಎಂದಳು.

ಮನೆಯಿಲ್ಲದವನನ್ನು ಹೂಳುವಂತಿಲ್ಲ. ಹಾಗಾಗಿ ಎರಡು ವರ್ಷ ಬಯಲಿಗೆ ಬಾಯಿ ತೆರೆದಿದ್ದ ಗೋಡೆಗಳ ಮೇಲೆ ಊರವರು ಒಂದೇ ಹಗಲಿನಲ್ಲಿ ತಗಡು ಹೊದಿಸಿದರು. ಯಾಗೋ ಕಾಯಿ ಒನಕೆಯಷ್ಟು ಉದ್ದ, ಎಳೆಗರುವಿನಷ್ಟು ತೂಕ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಓಯೋನ ಮನೆಯ ಬಲಗಡೆ ಇಳಿಸಿದರು. ದಡದ ಬೈಕಿನವರು ಐವತ್ತು ಬೈಕು ತಂದು ಗೋರಿಯ ಸುತ್ತ ಗುಡುಗಿಸಿದರು. ಐದುನೂರು ಎಂದರೂ ತಪ್ಪಿಲ್ಲ, ಸರೋವರದ ನೀರಾನೆಗಳು ಆ ಸದ್ದಿಗೆ ಮೂರು ದಿನ ತಲೆ ಎತ್ತಲಿಲ್ಲ. ಅಕುಮುವಿನ ತಲೆ ಬೋಳಿಸಿ, ವಿಧವೆಯ ಗುರುತಿಗೆ ಗಂಡನ ಕೋಟು ತೊಡಿಸಿದರು. ಗೋರಿಯ ಶಿಲುಬೆಗೆ ಹೆಲ್ಮೆಟ್ಟು ಸಿಕ್ಕಿಸಿದರು. ಅಬುಯಾ ಅಳಲಿಲ್ಲ. ಜನರೆಲ್ಲ ಊಟಕ್ಕೆ ಕೂತಾಗ ಹಿತ್ತಲಿಗೆ ಹೋಗಿ, ಒಂದು ಬೊಗಸೆ ಬೂದಿ ತೆಗೆದು ನಾಲಗೆಯ ಮೇಲೆ ಹಾಕಿಕೊಂಡಳು.

ಆಮೇಲೆ ಎಲ್ಲವೂ ಸರಸರನೆ ನಡೆದವು. ಬೀಜ ಬಿತ್ತು, ಒಡೇರಾನ ಮನೆ ಎದ್ದಿತು, ಹೆಣ್ಣುಮಗು ಹುಟ್ಟಿತು. ಸತ್ತವರ ಹೆಸರನ್ನು ಕೂಸಿಗಿಟ್ಟು ಉಳಿಸಿಕೊಳ್ಳುವುದು ಅವರ ಪದ್ಧತಿ. ಹೆಣ್ಣಿಗೆ ಓಯೋ ಎನ್ನುವುದು ಆಯೋ ಆಗುತ್ತದೆ, ಮಗುವಿಗೆ ಅದನ್ನೇ ಇಟ್ಟರು. ಓಯೋನ ಹೆಸರೂ ಹೀಗೆ ಬೇರೆಯವರ ಪಾಲಾಯಿತು.

ಮುಂದಿನ ದೊಡ್ಡ ಮಳೆ ಶುರುವಾದ ವಾರ, ನಡುಮಧ್ಯಾಹ್ನ, ಕಳ್ಳಿಬೇಲಿಯಾಚೆ ಒಂದು ಬೈಕು ಕೆಮ್ಮುತ್ತ ಬಂದು ನಿಂತಿತು. ಅಂಥ ಬೈಕನ್ನು ದೇವರೂ ನೋಡಿರಲಿಲ್ಲ. ಟ್ಯಾಂಕು ಒಂದು ಬಣ್ಣ, ಚಕ್ರ ಇನ್ನೊಂದು ಅಳತೆ, ಸೀಟು ಯಾವುದೋ ಕುರ್ಚಿಯದು. ಅದರ ಮೇಲೆ ಕೂತವನು ಮೂಳೆಗೆ ಅಂಗಿ ತೊಡಿಸಿದಂತಿದ್ದ. ಅಬುಯಾ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು.

"ಅವ್ವಾ, ಉಪ್ಪು ಸಿಕ್ತು," ಎಂದ ಅವನು.

ಅಬುಯಾಳ ಕೈಯಿಂದ ಮಗುವನ್ನು ಒಡೇರಾನ ಹೆಂಡತಿ ಕಸಿದುಕೊಂಡು ಒಳಗೆ ಓಡಿದಳು. ಓಯೋ ಬೈಕು ಇಳಿದು ಬೇಲಿಯ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ನ್ಯಾಂಡಿಗಾನ ಕೋಲು ಅಡ್ಡ ಬಿತ್ತು. ಆ ಮುದುಕ ಎಲ್ಲಿದ್ದನೋ, ಸಾವಿನ ವಾಸನೆ ಹಿಡಿದು ಬರುವವನು.

"ಅಲ್ಲೇ ನಿಂತ್ಕೊ ಮಗ. ಒಳಗೆ ಕಾಲಿಡಬೇಡ. ನಿನಗೆ ಮಣ್ಣು ಹಾಕಿ ಆಗೋಗೈತೆ."

"ದೊಡ್ಡಪ್ಪ, ನಾನು ಬದುಕಿವ್ನಿ."

"ಅದು ನಿನ್ನ ತಪ್ಪಲ್ಲಪ್ಪ. ಆದ್ರೆ ಗೋರಿ ತುಂಬೈತೆ. ಮಣ್ಣು ಪಡೆದೋನು ತನ್ನ ಅಂಗಳ ತುಳುದ್ರೆ, ಮಣ್ಣು ಅವನ ಬದ್ಲು ಇನ್ನೊಬ್ರನ್ನ ಕೇಳ್ತದೆ. ಅಂಗಳದಲ್ಲಿ ಎಲ್ಲಕ್ಕೂ ಎಳೇದನ್ನೇ ಕೇಳ್ತದೆ."

ಓಯೋ ಬೇಲಿಯ ಮೇಲಿಂದ ಒಳಗೆ ನೋಡಿದ. ತನ್ನ ಮನೆ ಕಂಡಿತು.

"ಸೂರು ಹೊದಿಸವ್ರೆ!" ಎಂದ.

"ಬದುಕಿರೋರಿಗಿಂತ ಸತ್ತೋರಿಗೆ ಬೇಗ ಹೊದಿಸ್ತಾರೆ ಕಣ್ಲಾ," ಎಂದಳು ಅಬುಯಾ. ಎರಡು ವರ್ಷದ ಮೇಲೆ ಮಗನಿಗೆ ಅವಳಾಡಿದ ಮೊದಲ ಮಾತು ಅದು. ಆಡಿದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅವಳು ಒಳಗಿನಿಂದ ಮುದ್ದೆ, ಹುರಿದ ಮೀನು ತಂದಳು. ಬಾಗಿಲ ಗೆರೆಯ ಈಚೆ ತಾನು, ಆಚೆ ಮಗ, ನಡುವೆ ತಟ್ಟೆ. ಓಯೋ ಮೂರು ಮುದ್ದೆ ನುಂಗಿದ ಮೇಲೆ ಮಾತು ತೆಗೆದ. ದೋಣಿ ಮಗುಚಿದ್ದು ನಿಜ. ಬೈಕು, ಫೋನು, ಹೆಲ್ಮೆಟ್ಟು ಎಲ್ಲ ಹೋದವು. ಇವನು ಬೇರೊಂದು ದಡದಲ್ಲಿ ಬಳ್ಳಿ ಹಿಡಿದು ಎದ್ದ. ಜ್ವರ ಬಂದು ಒಂದು ಗುಜರಿ ಅಂಗಡಿಯ ಹಿಂದೆ ಎರಡು ತಿಂಗಳು ಬಿದ್ದಿದ್ದ. ಎದ್ದ ಮೇಲೆ ಅಲ್ಲೇ ಕೆಲಸಕ್ಕೆ ನಿಂತು, ಏಳು ಸತ್ತ ಬೈಕುಗಳಿಂದ ಈ ಒಂದನ್ನು ಎಬ್ಬಿಸಿದ. ಅದಕ್ಕೇ ಒಂದು ವರ್ಷ ಹಿಡಿಯಿತು. ಕಾಡಿನಲ್ಲಿ ನಾಲ್ಕೈದು ದಿನ ಒಬ್ಬ ಮನುಷ್ಯನ ಮುಖವೂ ಕಾಣುತ್ತಿರಲಿಲ್ಲ.

"ಹೆದರ್ಕೆ ಆಗ್ಲಿಲ್ವೇನ್ಲಾ?"

"ಆಯ್ತು. ಆದಾಗೆಲ್ಲ ನಿನ್ನ ದನೀಲಿ ನಂಗೆ ನಾನೇ ಬೈಕೊಂಡೆ. ಏರು ಬಂದ್ರೆ, ಏನ್ಲಾ ನಿನ್ನ ಬೈಕಿಗೂ ಬಸುರಾ, ತೇಕ್ತದಲ್ಲ ಅಂತ. ಕೆಸರಲ್ಲಿ ಬಿದ್ರೆ, ಏಳು, ಹಂದಿಗೆ ಜಾಗ ಬಿಡು ಅಂತ. ನೀನು ಜೊತೇಲೇ ಇದ್ದೆ ಅವ್ವ. ಒಂದು ದಿನಾನೂ ಬಾಯಿ ಮುಚ್ಚಲಿಲ್ಲ."

ಅಬುಯಾ ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬಿಡಿಸಿದ ಮೀನನ್ನೇ ಮತ್ತೆ ಬಿಡಿಸುತ್ತಿದ್ದಳು.

"ಯಾರ ಫೋನಿಂದಾದ್ರೂ ಒಂದ್ ಮಾತು ಹೇಳೋಕಾಗ್ಲಿಲ್ವಾ? ಒಂದು ನಂಬರೂ ನೆನಪಿರ್ಲಿಲ್ವಾ?"

"ದಡದ ಅಂಗಡಿಯೋನ ನಂಬರು ನೆನಪಿತ್ತು."

"ಮತ್ತೆ?"

"ಅವ್ನಿಗೆ ಹೇಳಿದ್ರೆ ನಿನ್ನ ಕಿವಿಗೇ ಬೀಳ್ತಿತ್ತು. ಉಪ್ಪು ಸಿಕ್ಕಿರ್ಲಿಲ್ಲವಲ್ಲ ಅವ್ವ. ನೀನೇ ಹೇಳಿದ್ದೆ." ಅವನು ತಲೆ ತಗ್ಗಿಸಿದ. "ಕ್ಯಾಮರೂನಿನ ತುದೀಲಿ ಸಮುದ್ರ ಸಿಕ್ತು. ಅವತ್ತೇ ಮಾಡ್ದೆ. ಯಾರೋ ಬೇರೆಯೋರು ಎತ್ತಿ, ತಪ್ಪು ನಂಬರು ಅಂದ್ರು."

ಅವನು ಅಂಗಿಯೊಳಗಿನಿಂದ ಒಂದು ಸಣ್ಣ ಶೀಷೆ ತೆಗೆದು ಗೆರೆಯ ಮೇಲೆ ಇಟ್ಟ. ಕಲಕು ನೀರು. ಅಬುಯಾ ಬಿರಟೆ ತೆಗೆದು ನಾಲಗೆಗೆ ಎರಡು ಹನಿ ಹಾಕಿಕೊಂಡಳು. ಉಪ್ಪು. ಸುಡುವಂಥ ಉಪ್ಪು.

"ಅಲ್ಲಿ ಸೂರ್ಯ ಎಲ್ಲಿ ಇಳೀತಾನೆ?"

"ಅಲ್ಲೂ ನೀರೊಳಗೇ ಇಳೀತಾನೆ ಅವ್ವ. ಇನ್ನೂ ಆಚೆ."

ನ್ಯಾಂಡಿಗಾ ಅಷ್ಟು ಹೊತ್ತೂ ಕೋಲು ತೆಗೆದಿರಲಿಲ್ಲ. ಒಡೇರಾ ತನ್ನ ಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದ, ಅಣ್ಣನ ಹತ್ತಿರ ಬರುತ್ತಿರಲಿಲ್ಲ. ಒಳಗೆ ಮಗು ಕಿರುಚಿತು.

"ಅವ್ವಾ," ಎಂದ ಓಯೋ, "ದೊಡ್ಡಪ್ಪನ ಮಾತು ಬಿಡು. ನೀನು ಹೇಳು. ಒಳಗೆ ಬಾ ಅಂದ್ರೆ ಬತ್ತೀನಿ. ಹೋಗು ಅಂದ್ರೆ ಹೋಗ್ತೀನಿ."

ಬೇರೆ ಯಾವ ವರ್ಷವಾದರೂ ಆಗಿದ್ದರೆ ಅಬುಯಾ ಆ ಕೋಲನ್ನು ಕಿತ್ತು ಒಲೆಗೆ ಹಾಕುತ್ತಿದ್ದಳು. ಮಣ್ಣು ಕೇಳುತ್ತದಂತೆ, ಮಣ್ಣಿಗೆ ಬಾಯೆಲ್ಲಿ, ಬಾಯಿ ಇರುವುದು ನನಗೆ ಎನ್ನುತ್ತಿದ್ದಳು. ಹಿರಿಯರ ಎಷ್ಟೋ ಮಾತಿಗೆ ಹಾಗೇ ಉಗಿದು ಬದುಕಿದವಳು. ಆದರೆ ಆಡಿದ ಮಾತು ಬರೀ ಗಾಳಿ ಎಂದು ಹೇಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ನಗುತ್ತ ಆಡಿದ ಒಂದು ಮಾತು ಮಗನ ಎರಡು ವರ್ಷ ತಿಂದು, ಮನೆ ತಿಂದು, ಹೆಸರು ತಿಂದು ಕೂತಿತ್ತು. ತನ್ನ ಮಾತಿಗೇ ಇಷ್ಟು ಹಲ್ಲಿದ್ದರೆ, ಹಿರಿಯರ ಮಾತಿಗೆ ಎಷ್ಟಿರಬಹುದು? ಒಳಗೆ ಎರಡು ಮೂರು ತಿಂಗಳ ಕೂಸು. ಬಾ ಎನ್ನಲು ಬಾಯಿ ತೆರೆದಳು, ಮಗುವಿನ ಅಳು ಕೇಳಿಸಿತು. ಹೋಗು ಎನ್ನಲು ಬಾಯಿ ತೆರೆದಳು, ಮಗನ ಮುಖ ಕಾಣಿಸಿತು. ಅವನು ತಾಯಿ ಹೇಳಿದ್ದನ್ನು ಹೇಳಿದಂತೆ ಮಾಡುವವನು. ಅಬುಯಾ ಬಾಯಿ ಮುಚ್ಚಿದಳು. ಹುಟ್ಟಿದಂದಿನಿಂದ ಅವಳು ಮಾತಿಗೆ ಉತ್ತರ ಕೊಡದೆ ಕೂತದ್ದು ಅದೊಂದೇ ಸಲ.

ಓಯೋ ಕಾದ. ತಟ್ಟೆಯ ಮೇಲೆ ನೊಣ ಕೂತವು. ಅವಳು ಮಾತಾಡದೆ ಇದ್ದದ್ದನ್ನೂ ಅವನು ಒಂದು ಮಾತೆಂದೇ ತಿಳಿದುಕೊಂಡು, ಎದ್ದು ಬೈಕಿನ ಕಡೆ ಹೋದ.

ಆಗ ಅಕುಮು ತನ್ನ ಮನೆಯಿಂದ ಹೊರಗೆ ಬಂದಳು. ಗಂಡನ ಕೋಟು ಮೈಮೇಲೆ, ಒಂದು ಗಂಟು ಕಂಕುಳಲ್ಲಿ. ನ್ಯಾಂಡಿಗಾ ಕೋಲನ್ನು ಅವಳತ್ತ ತಿರುಗಿಸಿದ.

"ಎಲ್ಲಿಗವ್ವ? ಗಂಡನ ಗೋರಿ ಬಿಟ್ಟು ಹೋಗಂಗಿಲ್ಲ."

"ಗೋರೀಲಿ ಇರೋದು ಕಾಯಿ ಮಾವ," ಎಂದಳು ಅಕುಮು. "ನಾನು ಕಾಯಿನ ಮದ್ವೆ ಆಗಿರ್ಲಿಲ್ಲ."

ಅತ್ತೆಯ ಮುಂದೆ ಬಂದು ಕಾಲು ಮುಟ್ಟುವಂತೆ ಬಗ್ಗಿದಳು, ಮುಟ್ಟಲಿಲ್ಲ. ಅಬುಯಾ ಅವಳ ಕೋಟಿನ ಗುಂಡಿ ಹಾಕಿದಳು. ಅಕುಮು ಗೆರೆ ದಾಟಿ ಹೋಗಿ ಬೈಕಿನ ಹಿಂದೆ ಕೂತಳು.

"ನೀನೂ ಬಾ ಅವ್ವ," ಎಂದ ಓಯೋ.

ಅಬುಯಾ ತಲೆಯಾಡಿಸಿದಳು. ಅವಳ ಜಾಗ ಗಂಡನ ಗೋರಿಯ ಪಕ್ಕ ಇಪ್ಪತ್ತು ವರ್ಷದಿಂದ ಕಾದಿತ್ತು. ಆಮೇಲೆ ಏನೋ ನೆನಪಾದವಳಂತೆ ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಿದ ಓಟಕ್ಕೆ ಕೋಳಿಗಳು ಮರ ಹತ್ತಿದವು. ಕಾಯಿಯ ಗೋರಿಯ ಶಿಲುಬೆಯಿಂದ ಹೆಲ್ಮೆಟ್ಟು ಕಿತ್ತು ತಂದಳು.

"ಅಬುಯಾ! ಗೋರಿಯಿಂದ ತೆಗೀಬಾರ್ದು!" ಎಂದು ಮುದುಕ ಕೂಗಿದ.

ಅವಳು ಕೇಳಲಿಲ್ಲ. ಗೆರೆ ದಾಟಿ ದಾರಿಗೆ ಹೋಗಿ, ಮಗನ ತಲೆಗೆ ಹೆಲ್ಮೆಟ್ಟು ಹಾಕಿ, ಗಲ್ಲದ ಪಟ್ಟಿ ಕಟ್ಟಿದಳು. ಪಟ್ಟಿ ಮೂರು ಸಲ ತಪ್ಪಿತು. ಆ ಮಗನನ್ನು ಅವಳು ಹೆತ್ತದ್ದೂ ಇದೇ ದಾರಿಯ ಮೇಲೆ.

ಬೈಕು ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿತು. ಹೊರಟಿತು. ಯಾವ ಕಡೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಬಾಯಿಂದ ಇನ್ನೇನಾದರೂ ಬಿದ್ದೀತೆಂದು ಹೆದರಿದಳು.

ಮಳೆ ನಿಂತ ಮರುದಿನ ಬೆಳಿಗ್ಗೆ ಒಡೇರಾನ ಹೆಂಡತಿ ಮಗುವಿಗೆ ಹಾಲೂಡಿಸುತ್ತ ಬಾಗಿಲಲ್ಲಿ ಕೂತಿದ್ದಾಗ, ಅತ್ತೆ ಯಾರಿಗೋ ಬೈಯುವುದು ಕೇಳಿಸಿತು. ಬಹಳ ದಿನದ ಮೇಲೆ ಕೇಳಿದ ದನಿ. ಎದ್ದು ನೋಡಿದಳು. ಅಬುಯಾ ಯಾಗೋ ಕಾಯಿಯ ಗೋರಿಯ ಮುಂದೆ ಮಂಡಿಯೂರಿ, ಮಳೆಗೆ ಕುಸಿದ ಮಣ್ಣನ್ನು ಎರಡೂ ಕೈಯಿಂದ ಬಳಿದು ಏರಿಸುತ್ತಿದ್ದಳು.

"ಏನ್ಲಾ, ಆಗ್ಲೇ ಜರುಗ್ತಾ ಇದೀಯಾ? ನೀನೂ ಎಲ್ಲಿಗಾದ್ರೂ ಹೊರಟ್ಯಾ? ಸುಮ್ನೆ ಬಿದ್ದಿರು. ನೀನೊಬ್ನಾದ್ರೂ ಮನೇಲಿ ಇರು."